ಹಲ್ಲು ನೋಡದೆ ಕುದುರೆ ಕೊಂಡವರು

ಮಾನ್ಯ, ಚಿರಾಗ್, ಈ ವಾರದ ಪುಟ ಕುದುರೆಯದು.

ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವವರು ನೀವು. ಇದನ್ನು ಕೂಡಿಸಿ ಓದುವಷ್ಟು ಕನ್ನಡ ನಿಮಗೆ ಬರುವ ಹೊತ್ತಿಗೆ, ಯಾರ ಬೈಗುಳಕ್ಕೂ ಸಿಗದಷ್ಟು ದೂರ ನಾನು ಹೋಗಿರುತ್ತೇನೆ. ಆ ಧೈರ್ಯದ ಮೇಲೇ ಬರೆಯುತ್ತಿದ್ದೇನೆ.

ಎರಡು ಭಾನುವಾರದ ಹಿಂದಿನ ಮಾತು. ಕಡಲಾಚೆಯ ಈ ಪುಚೊಂಗಿನ ನಮ್ಮ ಅಡುಗೆಮನೆಯಲ್ಲಿ ಕುಕ್ಕರಿನೊಳಗೆ ಮಟನ್ ಬೇಯುತ್ತಿತ್ತು. ಹಾಲಿನಲ್ಲಿ ಝೂಮ್ ಮೀಟಿಂಗ್ ನಡೆಯುತ್ತಿತ್ತು. ಮೀಟಿಂಗಿನ ವಿಷಯ, ಪ್ರಾಣಿದಯೆ.

ಕುಕ್ಕರ್ ವಿಷಲ್ ಹಾಕಿದಾಗ ಯಾರೋ ಒಬ್ಬರು, ದಯವಿಟ್ಟು ಮ್ಯೂಟ್ ಮಾಡ್ಕೊಳ್ಳಿ ಅಂದರು. ನಿಮ್ಮಮ್ಮ ಲತಾ ತಟ್ಟನೆ ಮ್ಯೂಟ್ ಮಾಡಿದಳು. (ಆಡನ್ನು ಮ್ಯೂಟ್ ಮಾಡಿ ಕುದುರೆಗೆ ನ್ಯಾಯ ಕೇಳುವುದು ಈ ಲಾಕ್‌ಡೌನಿನಲ್ಲಿ ಕಲಿತ ಹೊಸ ವಿದ್ಯೆ.)

ಕುದುರೆಯ ಹೆಸರು ಕ್ಯಾಪ್ಟನ್. ಮಾನ್ಯ ಶನಿವಾರ ಶನಿವಾರ ಸವಾರಿ ಕಲಿಯುತ್ತಿದ್ದಳಲ್ಲ, ಸುಬಾಂಗ್ ಜಯಾದ ಆಚೆಯ ಕ್ಲಬ್ಬಿನಲ್ಲಿ, ಅಲ್ಲಿಯ ಮುದಿ ಕುದುರೆ ಅದು. ಅವಳು ಸುತ್ತು ಹಾಕುವಾಗ ನಾನು ಲಾಯದ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದೆ. ಕುದುರೆ ನೋಡಿಕೊಳ್ಳುತ್ತಿದ್ದ ಮುನಿಯಾಂಡಿ ತಮಿಳಿನಲ್ಲಿ ಮಾತಾಡಿಸುತ್ತಿದ್ದರು. ನಾನು ತಲೆ ಆಡಿಸುತ್ತಿದ್ದೆ. ಈ ದೇಶದಲ್ಲಿ ನನಗೆ ನಾಚಿಕೆ ಆಗದಿದ್ದ ಒಂದೇ ಜಾಗ ಅದು. ಲದ್ದಿ ವಾಸನೆಗೆ ಭಾಷೆ ಬೇಡವಲ್ಲ?

ಆಮೇಲೆ ಕೊರೊನಾ ಬಂತು. ಕ್ಲಬ್ ಮುಚ್ಚಿತು. ನಿಮ್ಮಪ್ಪನಿಗೆ ವರ್ಕ್ ಫ್ರಮ್ ಹೋಮ್ ಸಿಕ್ಕಿತು, ಕುದುರೆಗೆ ಸಿಗಲಿಲ್ಲ. ಸವಾರಿಗೆ ಮಕ್ಕಳಿಲ್ಲದೆ ಹುಲ್ಲು ತಿನ್ನುವ ಕುದುರೆ ಯಾರಿಗೆ ಬೇಕು? ಮುದಿ ಕುದುರೆಗಳನ್ನು ಮಾಂಸಕ್ಕೆ ಕಳಿಸುತ್ತಾರಂತೆ ಅಂತ ಕನ್ನಡದವರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಸುದ್ದಿ ಬಂತು. ಗ್ರೂಪಿನ ಯಜಮಾನಿ ಸುಮಾ ಆಂಟಿ ಅವತ್ತೇ ಪಿಟಿಷನ್ ಬರೆದರು. ಅಷ್ಟು ದೂರದ ಬಯಾನ್ ಲೆಪಾಸ್ ಊರಿನಿಂದಲೂ ಸಹಿ ಬಂದವು. ಸಹಿ ಮಾಡಲು ಮಾಸ್ಕ್ ಹಾಕಬೇಕಿಲ್ಲ, ಮನೆ ಬಿಟ್ಟು ಕದಲಬೇಕಿಲ್ಲ.

ಮೀಟಿಂಗಿನಲ್ಲಿ ಒಬ್ಬರು, ಕುದುರೆ ಮನುಷ್ಯನನ್ನು ಬೆನ್ನ ಮೇಲೆ ಹೊತ್ತ ಪ್ರಾಣಿ, ಅದನ್ನು ತಿನ್ನುವುದು ದ್ರೋಹ ಅಂದರು. ಹೊರದಿದ್ದದ್ದು ಆಡಿನ ತಪ್ಪಾ ಅಂತ ಇನ್ನೊಬ್ಬರು ಕೇಳಿದರು. ಅವರ ಇಂಟರ್ನೆಟ್ ಸರಿಯಿಲ್ಲ ಅಂತ ಎಲ್ಲರೂ ಸೇರಿ ತೀರ್ಮಾನಿಸಿದರು. ಮತ್ತೊಬ್ಬರು ಯಾವ ಯಾವ ದೇಶದಲ್ಲಿ ಕುದುರೆ ತಿನ್ನುತ್ತಾರೆ ಅಂತ ಪಟ್ಟಿ ಒಪ್ಪಿಸಿದರು. ಅಷ್ಟೂ ದೇಶ ಸುತ್ತಿದ್ದಾರೆ ಅಂತ ಗೊತ್ತಾಯಿತು.

ಕೊನೆಗೆ ಕ್ಲಬ್ಬಿನ ಮ್ಯಾನೇಜರ್ ಪರದೆ ಮೇಲೆ ಬಂದರು. ಅದೆಲ್ಲ ಸುಳ್ಳು, ಕ್ಯಾಪ್ಟನ್ ಉತ್ತರದ ಕಡೆ ಒಂದು ಫಾರ್ಮಿಗೆ ಹೋಗುತ್ತಾನೆ, ಹಸಿರು ಹುಲ್ಲುಗಾವಲು, ಇನ್ನು ರಿಟೈರ್ಡ್ ಲೈಫ್ ಅಂದರು. ಪರದೆ ತುಂಬ ಹಾರ್ಟುಗಳು ಹಾರಿದವು. ಸುಮಾ ಆಂಟಿ ಕಣ್ಣು ಒರೆಸಿಕೊಂಡರು.

ಆ ಫಾರ್ಮಿನ ಮಾತು ನಾನು ಹಿಂದೆ ಒಂದು ಸಲ ಕೇಳಿದ್ದೆ, ಮದ್ದೂರಿನಲ್ಲಿ.

ನಿಮ್ಮ ತಾತ ಮದ್ದೂರು ಸ್ಟೇಷನ್ ಮುಂದೆ ಜಟಕಾ ಹೊಡೆಯುತ್ತಿದ್ದರು. (ಅವರ ಹೆಸರನ್ನು ಈಗಲೂ ಬಾಯಿಬಿಟ್ಟು ಹೇಳಲಾರೆ, ನಿಮ್ಮಮ್ಮನನ್ನು ಕೇಳಿಕೊಳ್ಳಿ.) ಅವರ ಕುದುರೆಯ ಹೆಸರು ರಾಜ. ಆಟೋಗಳು ಬಂದವು, ಜಟಕಾ ಹತ್ತುವವರು ಹೋದರು. ರಾಜನಿಗೆ ಹುರುಳಿ ಹೊಂಚುವುದೇ ಕಷ್ಟವಾಯಿತು. ಒಂದು ಮಧ್ಯಾಹ್ನ ಒಬ್ಬ ದಲ್ಲಾಳಿ ಬಂದ.

ಕುದುರೆ ಕೊಳ್ಳುವವನು ಮೊದಲು ತುಟಿ ಎತ್ತಿ ಹಲ್ಲು ನೋಡುತ್ತಾನೆ. ಕಾಲೆತ್ತಿ ಗೊರಸು ತಟ್ಟುತ್ತಾನೆ. ನಾಲ್ಕು ಹೆಜ್ಜೆ ಓಡಿಸು ಅನ್ನುತ್ತಾನೆ. ಲಾರಿ ಹಾರ್ನಿಗೆ ಬೆದರುತ್ತದಾ, ಏನು ತಿನ್ನುತ್ತೆ, ಏನಂತ ಕರೀತೀರಿ ಅಂತ ನೂರು ಕೇಳುತ್ತಾನೆ. ಈ ದಲ್ಲಾಳಿ ಇದೊಂದನ್ನೂ ಮಾಡಲಿಲ್ಲ. ಒಂದು ಸುತ್ತು ಬಂದು, ಪಿರ್ರೆ ಒತ್ತಿ ನೋಡಿ, ತೂಕ ಎಷ್ಟು ಬರಬಹುದು ಅಂದ.

ಲತಾಗೆ ಆಗ ಎಂಟು ವರ್ಷ. ರಾಜ ತೆಂಗಿನ ತೋಟಕ್ಕೆ ಹೋಗ್ತಾವ್ನೆ ಕಣವ್ವ, ಅಲ್ಲಿ ಬೇಕಾದಷ್ಟು ಹುಲ್ಲು ಅಂತ ತಾತ ಅವಳಿಗೆ ಹೇಳಿದರು. ನಾನು ಬಾಗಿಲ ಹಿಂದೆ ಸೆರಗು ಬಾಯಿಗೆ ಹಿಡಿದು ನಿಂತಿದ್ದೆ. ಒಂದು ಮಾತೂ ಆಡಲಿಲ್ಲ. ಊರವರು ನನ್ನನ್ನು ನಾಚಿಕೆಯ ಹೆಣ್ಣು ಅಂತ ಹೊಗಳುತ್ತಿದ್ದರು. ನಾಚಿಕೆಯಷ್ಟು ಅನುಕೂಲದ ಗುಣ ಇನ್ನೊಂದಿಲ್ಲ ಮಕ್ಕಳೇ. ಬಾಯಿ ಮುಚ್ಚಿಕೊಂಡು ಕೂತವರಿಗೂ ಒಳ್ಳೆಯ ಹೆಸರು ಬರುತ್ತದೆ.

ಅದಕ್ಕೇ ಅವತ್ತು ಮೀಟಿಂಗಿನಲ್ಲಿ, ಮಾನ್ಯ, ಪಕ್ಕದಲ್ಲಿದ್ದ ನಿನ್ನ ತೊಡೆ ಜಿಗುಟಿದೆ. ಕೇಳು, ಆ ಫಾರ್ಮಿನವರು ಕುದುರೆ ಬಗ್ಗೆ ಏನೇನು ಕೇಳಿದರು ಅಂತ ಕೇಳು.

"ಅಜ್ಜಿ, ಯೂ ಆಸ್ಕ್ ಲಾ," ಅಂದು ನೀನು ಮೈಕ್ ಆನ್ ಮಾಡಿಬಿಟ್ಟೆ.

ಪರದೆ ತುಂಬ ಮುಖಗಳು. ನಾನು ಟೇಬಲ್ ಕ್ಲಾತ್ ನೋಡಿಕೊಂಡು ಕನ್ನಡದಲ್ಲಿ ಕೇಳಿದೆ. ನೀನು ಇಂಗ್ಲಿಷ್ ಮಾಡಿದೆ. ಹಲ್ಲು ನೋಡಿದರಾ? ಇಲ್ಲ. ಕಾಲು? ಇಲ್ಲ. ಏನು ತಿನ್ನುತ್ತಾನೆ, ಹೆಸರೇನು ಅಂತ? ಅದೂ ಇಲ್ಲ. ಮತ್ತೆ ಏನು ಕೇಳಿದರು?

ಮ್ಯಾನೇಜರ್ ಸ್ವಲ್ಪ ಯೋಚಿಸಿ, "ತೂಕ ಕೇಳಿದರು. ಲಾರಿಗೆ ಬೇಕಲ್ಲ," ಅಂದರು.

"ಹುಲ್ಲು ಮೇಯಿಸೋರಿಗೆ ತೂಕ ಯಾತಕ್ಕೆ?"

ಅವರ ಚೌಕ ಕಪ್ಪಾಯಿತು. ಅವರ ಇಂಟರ್ನೆಟ್ಟೂ ಸರಿಯಿರಲಿಲ್ಲವೇನೋ. ಮೈಕ್ ಇನ್ನೂ ಆನ್ ಇತ್ತು. ಕುಕ್ಕರ್ ಮತ್ತೊಂದು ವಿಷಲ್ ಹಾಕಿತು.

ಮಾರನೆಯ ದಿನ ಮುನಿಯಾಂಡಿ ಲತಾಳ ಫೋನಿಗೆ ಕರೆ ಮಾಡಿದರು. ಲಾರಿ ಗುರುವಾರ ಬರುತ್ತದೆ. ಮಾಂಸ ನಾಯಿಗೋ ಮನುಷ್ಯರಿಗೋ ತನಗೆ ತಿಳಿಯದು. ಆದರೆ ಕ್ಯಾಪ್ಟನ್ನನ ಮುಂಗಾಲು ಎರಡೂ ಹೋಗಿವೆ, ಅಷ್ಟು ದೂರ ಲಾರಿಯಲ್ಲಿ ನಿಲ್ಲಲಾರ, ದಾರಿಯಲ್ಲೇ ಬೀಳುತ್ತಾನೆ. ಯಾರಾದರೂ ಕರೆದುಕೊಂಡು ಹೋಗಿ ಸಾಕಲಿ. ಇಲ್ಲವೇ ಡಾಕ್ಟರ್ ಬಂದು ಅವನ ಲಾಯದಲ್ಲೇ ಕೊನೆಯ ಇಂಜೆಕ್ಷನ್ ಕೊಡಲಿ, ತಾನು ಅವನ ತಲೆ ಹಿಡಿದುಕೊಳ್ಳುತ್ತೇನೆ. ಇಷ್ಟು ಹೇಳಿ ಆ ಮನುಷ್ಯ ಅತ್ತರು.

ಲತಾ ಗ್ರೂಪಿನಲ್ಲಿ ಕೇಳಿದಳು, ಯಾರು ಸಾಕುತ್ತೀರಿ? ಪಿಟಿಷನ್ನಿಗೆ ನಿಮಿಷಕ್ಕೊಂದು ಸಹಿ ಬಿದ್ದಿತ್ತು. ಇದಕ್ಕೆ ಸಂಜೆಯವರೆಗೂ ಉತ್ತರವಿಲ್ಲ. ಆಮೇಲೆ ಸುಮಾ ಆಂಟಿ, ತಮ್ಮ ಕಾಂಡೋದಲ್ಲಿ ನಾಯಿಗೂ ಪರ್ಮಿಷನ್ ಇಲ್ಲ ಅಂತ ಬರೆದರು. ಒಬ್ಬರಿಗೆ ಕೂದಲಿನ ಅಲರ್ಜಿ. ಇನ್ನೊಬ್ಬರು ಮಾರಲ್ ಸಪೋರ್ಟ್ ಕೊಟ್ಟರು. (ನಾವೂ ಸಾಕುತ್ತೇವೆ ಅನ್ನಲಿಲ್ಲ. ನಮ್ಮ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಲೇ ಜಾಗ ಸಾಲದು.)

ಅವತ್ತು ಮಾನ್ಯ, ನೀನು ಅಡುಗೆಮನೆಗೆ ಬಂದು ನಿಂತೆ. ಎಂದೂ ಇಲ್ಲದವಳು ಕನ್ನಡದಲ್ಲಿ ಕೇಳಿದೆ.

"ಅಜ್ಜಿ, ಫಾರ್ಮ್ ಇಲ್ವಾ?"

"ಇಲ್ಲ ಮಗ."

ಲತಾ ನನ್ನ ಮೇಲೆ ಸಿಡುಕಿದಳು. "ಮಗು ಹತ್ರ ಯಾಕವ್ವ ಹಾಗಂದೆ? ನಮ್ಮಪ್ಪ ರಾಜನ್ನ ಕಳಿಸಿದಾಗ ನಾನು ಒಂದು ದಿನನಾದ್ರೂ ಅತ್ನಾ? ತೋಟಕ್ಕೆ ಹೋದ ಅಂತ ಖುಷಿಯಾಗೇ ಇದ್ದೆ."

ನಾನು ಸೌಟು ನೋಡುತ್ತ ನಿಂತೆ. ನನ್ನ ಹಳೆಯ ಗುಣ ಎಲ್ಲಿ ಹೋಗುತ್ತದೆ?

ತೂಕದ ಮಾತನ್ನು ಅಷ್ಟು ಜನ ಕೇಳಿಸಿಕೊಂಡಿದ್ದರಲ್ಲ, ಕ್ಲಬ್ಬಿನವರು ಲಾರಿ ಬೇಡ ಅಂದರು. ಬುಧವಾರ ಡಾಕ್ಟರ್ ಬಂದರು. ಅವತ್ತು ಬೆಳಿಗ್ಗೆಯೇ ನಾನು ತಮಿಳರ ಅಂಗಡಿಯ ಹುರುಳಿ ನೆನೆಹಾಕಿ ಬೇಯಿಸಿ ಕೊಟ್ಟೆ, ನಿಮ್ಮಪ್ಪ ಕ್ಲಬ್ಬಿನ ಗೇಟಿನವರೆಗೆ ಹೋಗಿ ಮುಟ್ಟಿಸಿ ಬಂದರು. ಅರ್ಧ ತಿಂದ, ಅರ್ಧ ಬಿಟ್ಟ ಅಂತ ಮುನಿಯಾಂಡಿ ಹೇಳಿ ಕಳಿಸಿದರು. ಮಾನ್ಯ ಎರಡು ದಿನ ಅತ್ತಳು. ಮೂರನೆಯ ದಿನ ಅವನ ಹೆಸರು ಹೇಳಿ ಚಿತ್ರ ಬರೆದಳು.

ಗ್ರೂಪಿನಲ್ಲಿ ನನ್ನನ್ನು ಏನಂದರು ಗೊತ್ತೇ? ಆ ಅಜ್ಜಿ ಬಾಯಿ ಹಾಕದಿದ್ದರೆ ಕುದುರೆ ಫಾರ್ಮಿನಲ್ಲಿ ಸುಖವಾಗಿರುತ್ತಿತ್ತು ಅಂತ. ಸುಮಾ ಆಂಟಿ, ಕೊಲ್ಲಿಸಿಬಿಟ್ಟರು ಅಂತ ಬರೆದು ಗ್ರೂಪ್ ಬಿಟ್ಟು ಹೋದರು. (ಮರುದಿನ ವಾಪಸ್ ಬಂದರು. ಅಕ್ಕಿ ರೊಟ್ಟಿ ಆರ್ಡರಿನ ಲಿಸ್ಟ್ ಅಲ್ಲೇ ಇತ್ತು.)

ಕುದುರೆಯನ್ನು ಕಡಿದು ತಿನ್ನುವುದು ತಪ್ಪೇ? ಅವತ್ತಿನ ಮಟನ್ ಸಾರನ್ನು ನಾನೂ ಎರಡು ಸಲ ಬಡಿಸಿಕೊಂಡವಳು. ದೊಡ್ಡ ಮಾತು ನನಗೆ ಒಪ್ಪುವುದಿಲ್ಲ. ನಿಮ್ಮ ತಾತನೂ ಕೆಟ್ಟವರಲ್ಲ, ಸಾಕಲಾರದೆ ಕೊಟ್ಟರು. ಒಂದು ಮಾತ್ರ ಹೇಳಬಲ್ಲೆ. ತಿನ್ನುವವನಿಗೆ ತಟ್ಟೆಯಲ್ಲಿ ಏನಿದೆ ಅಂತ ಗೊತ್ತಿರುತ್ತದೆ. ಜನ್ಮವಿಡೀ ದುಡಿಸಿಕೊಂಡು, ಕೊನೆಯಲ್ಲಿ ತೋಟ ಅಂತ ಹೇಳಿ ಕೈ ತೊಳೆದುಕೊಳ್ಳುವವರಿಗೆ ಅಷ್ಟೂ ಗೊತ್ತಿರಬೇಕಿಲ್ಲ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಈ ಹಾಳೆಗಳನ್ನು ಜೋಪಾನವಾಗಿಡಿ. ಆ ತೆಂಗಿನ ತೋಟ ಯಾವ ಊರಿನಲ್ಲಿತ್ತು ಅಂತ ನಿಮ್ಮಮ್ಮ ಯಾವತ್ತಾದರೂ ಕೇಳಿದರೆ ಅವಳ ಕೈಗೆ ಕೊಡಿ. ಇಷ್ಟು ವರ್ಷದಲ್ಲಿ ಒಂದು ಸಲವೂ ಅವಳು, ಬಾರವ್ವ, ಹೋಗಿ ರಾಜನ್ನ ನೋಡಿಕೊಂಡು ಬರೋಣ ಅಂದವಳಲ್ಲ. ಯಾಕೆ ಅಂತೀರಿ?