ಹುಲುಗಪ್ಪ ಕಾಕಾನ ಇಸಬ್ಗೋಲ್ ಬಾಟಲಿಗಳು

ಹುಲುಗಪ್ಪ ಕಾಕಾ ಯಾರ ಮನೆಗೆ ಊಟಕ್ಕೆ ಹೋದರೂ ಪಾಯಸದ ಬಟ್ಟಲನ್ನು ಮೊದಲು ಓರೆ ಮಾಡಿ ನೋಡುತ್ತಿದ್ದರು. ಸಬ್ಬಕ್ಕಿ ಜಾರಿದರೆ ಸುಮ್ಮನೆ ತಿನ್ನುತ್ತಿದ್ದರು. ಜಾರದೆ ಅಂಟಿ ನಿಂತಿತೋ, ಬಟ್ಟಲು ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಹೋಗಿಬಿಡುತ್ತಿದ್ದರು. "ಎಷ್ಟೊತ್ತು ಕುದಿಸಿದ್ರವ್ವಾ? ನೀರು ಎಷ್ಟು ಹಾಕಿದ್ರಿ?" ಪಾಯಸದಲ್ಲಿ ಏನೋ ಬಿದ್ದಿದೆ ಎಂದು ಹೆಣ್ಣುಮಕ್ಕಳು ಗಾಬರಿಯಾಗುತ್ತಿದ್ದರು. ನನ್ನ ಹೆಂಡತಿಯಂತೂ ಒಮ್ಮೆ ಅತ್ತೇಬಿಟ್ಟಿದ್ದಳು.

ಅವರು ಹುಡುಕುತ್ತಿದ್ದದ್ದು ಅಣಬೆಗೊಂದು ಹಾಸಿಗೆ.

ಹಗರಿಬೊಮ್ಮನಹಳ್ಳಿ ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ಮನೆ. ಕಾಲೇಜೊಂದರ ಲ್ಯಾಬಿನಲ್ಲಿ ಅಟೆಂಡರ್ ಆಗಿ, ಜೀವಮಾನವೆಲ್ಲ ಗಾಜಿನ ಕೊಳವೆ ತೊಳೆದು ನಿವೃತ್ತರಾಗಿದ್ದರು. ತೊಳೆಯುತ್ತಲೇ ಕಲಿತಿದ್ದರು. ಅಣಬೆಯ ತಿರುಳಿನ ಚೂರೊಂದನ್ನು ಗಟ್ಟಿ ಗಂಜಿಯ ಮೇಲಿಟ್ಟರೆ ಬಿಳಿ ಎಳೆ ಹಬ್ಬುತ್ತದೆ; ಅದು ತಾಯಿಬೀಜ. ಅದನ್ನು ಬೇಯಿಸಿದ ಜೋಳದ ಕಾಳಿಗೆ ಹಬ್ಬಿಸಿದರೆ ಬಿತ್ತನೆಗೆ ಬೀಜ ಸಿದ್ಧ. ಕಾಲೇಜಿನಲ್ಲಿ ಆ ಗಂಜಿ ಗಟ್ಟಿಯಾಗಲು ಅಗರ್ ಹಾಕುತ್ತಾರೆ, ಸಮುದ್ರದ ಪಾಚಿಯಿಂದ ಮಾಡುವ ಪುಡಿ. ಅದರ ಬೆಲೆ ನಮ್ಮಂಥವರಿಗೆ ಎಟುಕುವುದಲ್ಲ. "ನಮ್ಮ ಕಡಿ ಸಮುದ್ರ ಎಲ್ಲೈತಲೇ? ಸಂತ್ಯಾಗ ಸಿಗೋದ್ರಾಗ ಆಗ್ಬೇಕು" ಎನ್ನುತ್ತಿದ್ದರು.

ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು. ಹಮಾಲಿ ಮಾಡಿದೆ, ಗಾರೆ ಕೆಲಸ ಮಾಡಿದೆ, ಯಾರ ಮುಂದೆಯೂ ಕೈ ಚಾಚಲಿಲ್ಲ. ಕೊಟ್ಟೂರಿನಲ್ಲಿ ಸ್ವಂತ ಶೆಡ್ ಹಾಕಿ ಚಿಪ್ಪಣಬೆ ಬೆಳೆಯತೊಡಗಿದಾಗ, ದೂರದಿಂದ ಬಸ್ಸಿನಲ್ಲಿ ತರಿಸಿದ ಬೀಜ ನಮ್ಮ ಬಿಸಿಲಿಗೆ ಬೆಂದೇ ಬರುತ್ತಿತ್ತು. ಯಾರೋ ಕಾಕಾನ ಹೆಸರು ಹೇಳಿದರು, ಹೋದೆ.

ಅಗರ್ ಬದಲು ಹಾಕಿದ್ದ ಸಬ್ಬಕ್ಕಿ ಅಂದು ಮತ್ತೊಮ್ಮೆ ಸೋತಿತ್ತು. ಗಟ್ಟಿಯಾಗಿದ್ದ ಗಂಜಿ, ಬಿಳಿ ಎಳೆ ಹಬ್ಬಿದಂತೆಲ್ಲ ನೀರಾಗಿತ್ತು. ಗುರುತಿಲ್ಲದ ನನ್ನ ಕೈಗೆ ಬಾಟಲಿ ಕೊಟ್ಟು ಅಂದರು: "ನೋಡಲೇ ತಮ್ಮಾ ಇದರ ಸೊಕ್ಕು! ಉಂಡಿದ್ದು ಸಾಲದಂತ ಮಲಗೋ ಹಾಸಿಗೀನೂ ತಿಂದೈತಿ."

ಮೆಕ್ಕೆಜೋಳದ ಹಿಟ್ಟೂ ಹಾಗೇ ಆಯಿತು. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ಇಬ್ಬರೂ ಕೂತು ಬೀಸಿದೆವು. ರಟ್ಟೆ ಬಿದ್ದುಹೋದವು, ಗಂಜಿ ಮಾತ್ರ ಗೋಂದಿನಂತೆ ಜಾರಿತು. ಕೊನೆಗೆ, ಹೊಟ್ಟೆ ಕಟ್ಟಿದವರು ನೀರಿಗೆ ಹಾಕಿ ಕುಡಿಯುವ ಇಸಬ್ಗೋಲ್ ಅವರ ಕಣ್ಣಿಗೆ ಬಿತ್ತು. ಕುಡಿಯಲು ಕಲಸಿ ಮರೆತ ಲೋಟವನ್ನು ಎತ್ತಿ ನೋಡಿದರೆ, ಬೋರಲು ಹಾಕಿದರೂ ಬೀಳದಷ್ಟು ಗಟ್ಟಿಯಾಗಿತ್ತಂತೆ. ಆಮೇಲೆ ಪೊಟ್ಟಣದ ಮೇಲೆ ಪೊಟ್ಟಣ ತರತೊಡಗಿದರು.

"ಯಜಮಾನ್ರೇ, ಇಷ್ಟು ತಗೊಂಡ್ರೂ ಇನ್ನಾ ಸರಿಹೋಗಿಲ್ಲೇನ್ರೀ?" ಎಂದು ಮೆಡಿಕಲ್ ಅಂಗಡಿಯವನು ಮರುಕದಿಂದ ಕೇಳಿದ.

"ನನಗ ಸರಿಹೋಗೇತಪ್ಪಾ, ಬಾಟ್ಲಿಗೆ ಆಗವಲ್ದು!"

ಅಣಬೆಯ ಎಳೆಗೆ ಊಟ ಆಲೂಗಡ್ಡೆ ಬೇಯಿಸಿದ ನೀರು; ಅದಕ್ಕೆ ಇಸಬ್ಗೋಲ್ ನೇರ ಸುರಿದರೆ ಗಂಟುಗಟ್ಟುತ್ತದೆ. ಮೊದಲು ಒಣ ಸಕ್ಕರೆಯಲ್ಲಿ ಬೆರೆಸಿ, ತಿರುವುತ್ತ ಉದುರಿಸಿ, ಉಬ್ಬುವುದರೊಳಗೆ ಬಾಟಲಿಗೆ ತುಂಬಿ ಕುಕ್ಕರಿನಲ್ಲಿ ಬೇಯಿಸಬೇಕು. ಇಷ್ಟು ಕಂಡುಕೊಳ್ಳಲು ಅವರಿಗೆ ಒಂದು ಬೇಸಿಗೆ ಹಿಡಿಯಿತು. ನನಗೆ ಒಂದೇ ಮಧ್ಯಾಹ್ನದಲ್ಲಿ ಕಲಿಸಿಕೊಟ್ಟರು. ಮುಂದೆ ಕೂಡ್ಲಿಗಿ, ಹಡಗಲಿಯವರೆಗೆ ನನ್ನ ಬೀಜ ಹೋಗತೊಡಗಿತು.

ಕೂಡ್ಲಿಗಿಯಲ್ಲಿ ಒಮ್ಮೆ ಅಣಬೆ ಬೆಳೆಗಾರರ ಸಭೆ. ನನ್ನನ್ನು ಮಾತಾಡಲು ಕರೆದಿದ್ದರು. ಬಾಟಲಿಗಳ ಚೀಲ ಹೊತ್ತು ಕಾಕಾನೂ ಬಂದಿದ್ದರು, ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಓದಿದವರೊಬ್ಬರು ಬಾಟಲಿಯನ್ನು ಬೆಳಕಿಗೆ ಹಿಡಿದು, "ಇಸಬ್ಗೋಲ್ ಹಾಕೋದು ಯಾರ ಐಡಿಯಾ ರೀ?" ಎಂದರು.

"ನಂದೇ ರೀ ಸರ್. ಓದಿದ್ದು ಏಳನೇತ್ತ."

ಅವರ ಮುಖದಲ್ಲಿ ಮೂಡಿದ ಬೆರಗು ನನಗೆ ಬೇಕಾಗಿತ್ತು. ಜನ ಚಪ್ಪಾಳೆ ತಟ್ಟಿದರು. ಕಾಕಾನೂ ತಟ್ಟಿದರು. ಸಭೆಯವರು ನನಗೆ ಶಾಲು ಹೊದಿಸಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಬೈಯಲಿ ಎಂದು ಕಾದೆ. ಬೈದಿದ್ದರೆ ಅಲ್ಲೇ ಕಾಲು ಹಿಡಿಯುತ್ತಿದ್ದೆ. ಅವರು ಹೇಳಿದ್ದು ಒಂದೇ ಮಾತು: "ಆ ಕಡಿ ಬಿಸಿಲು ಬೀಳತೈತಿ, ಚೀಲ ಈ ಕಡಿ ಇಡು."

ಆಮೇಲೆ ನಾನು ಅವರ ಓಣಿಗೆ ಹೋಗುವುದು ಬಿಟ್ಟೆ. ಕೆಲಸ ಬಹಳ ಎಂದು ಹೆಂಡತಿಗೆ ಹೇಳಿದೆ, ನನಗೂ ಹೇಳಿಕೊಂಡೆ. ಒಂದು ಮಳೆಗಾಲ, ಒಂದು ಚಳಿಗಾಲ ಹಾಗೇ ಕಳೆದವು. ಕಿಡ್ನಿ ಕೆಟ್ಟು ಕಾಕಾ ಹಾಸಿಗೆ ಹಿಡಿದಿದ್ದಾರೆ ಎಂದು ಕೇಳಿದ ದಿನ, ತಪ್ಪು ಒಪ್ಪಿಕೊಂಡೇ ಬರಬೇಕೆಂದು ಹೊರಟೆ.

ನಡುಮನೆಯಲ್ಲಿ ಮಲಗಿದ್ದರು. ಕಾಲು ಬಾತುಕೊಂಡಿದ್ದವು. ಹರಪನಹಳ್ಳಿಯಲ್ಲಿ ಟೀಚರಾಗಿರುವ ಮಗಳು ರೇಣುಕಾ ರಜೆ ಹಾಕಿ ಬಂದಿದ್ದಳು. ನೋಡಲು ಬಂದ ನೆಂಟರೂ ನಾಲ್ಕು ಜನ ಇದ್ದರು. ನನ್ನನ್ನು ಕಂಡದ್ದೇ ಕಾಕಾ ಮೊಣಕೈ ಊರಿ ಏಳಲು ನೋಡಿದರು.

"ರೇಣುಕಾ, ನಾ ಹೇಳ್ತಿದ್ನಲ್ಲಾ, ಇವನಾ ಕೊಟ್ರೇಶಿ. ಇಸಬ್ಗೋಲ್ ಹಾಸಿಗಿ ಕಂಡುಹಿಡಿದೋನು. ನಾನೂ ಇವನ ಕಡಿಂದಾನ ಕಲ್ತಿದ್ದು."

ಮುಖ ನೋಡಿದೆ. ಚುಚ್ಚಿದ್ದಲ್ಲ, ಅಣಕವೂ ಅಲ್ಲ. ಸಭೆಯಲ್ಲಿ ನಾನಾಡಿದ ಮಾತು ಸುಳ್ಳಾಗದಿರಲಿ ಎಂದು ಅವರೇ ಅದನ್ನು ಹೊತ್ತುಕೊಂಡಿದ್ದರು. ನೆಂಟರೆಲ್ಲ ನನ್ನ ಕಡೆ ತಿರುಗಿದರು. ಅಲ್ಲ ಎನ್ನಲು ನನಗೆ ಆಗಲೂ ಬಾಯಿ ಬರಲಿಲ್ಲ. "ಅರಾಮ ಆಗ್ರಿ ಕಾಕಾ, ಇನ್ನೊಮ್ಮಿ ಬರ್ತೀನಿ" ಎಂದೆ.

ನಾಲ್ಕನೇ ದಿನಕ್ಕೆ ತೀರಿಕೊಂಡರು.

ಮಣ್ಣು ಮುಗಿಸಿ ಹೊರಡುವಾಗ ರೇಣುಕಾ ಬಾಟಲಿಗಳ ಚೀಲ ತಂದಳು. "ಅಣ್ಣಾ, ನೀವು ಅಪ್ಪಗ ಕಲಿಸಿದ್ದು. ನೀವಾ ಒಯ್ರಿ."

ಆಗ ಹೇಳಿದೆ. ಅಂಗಳದಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ತಂಗೀ, ನಾ ಕಲಿಸಿದ್ದಲ್ಲವ್ವಾ. ಕಂಡುಹಿಡಿದೋರು ನಿಮ್ಮಪ್ಪ. ನಾ ಸುಳ್ಳು ಹೇಳಿದ್ದೆ."

ಅವಳು ಕಣ್ಣು ಒರೆಸಿಕೊಂಡು ನನಗೆ ಕೈಮುಗಿದಳು.

"ಹೋದೋರಿಗೆ ಇಷ್ಟು ದೊಡ್ಡ ಹೆಸರು ಬಿಟ್ಟುಕೊಡ್ತೀರಿ. ನಿಮ್ಮ ಗುಣ ದೊಡ್ಡದು ಅಂತ ಅಪ್ಪ ಹೇಳಿದ್ದು ಖರೇ ಐತಿ ನೋಡ್ರಿ."

"ಅಲ್ಲವ್ವಾ..." ಎಂದೆ. ಒಳಗಿನಿಂದ ಯಾರೋ ಕರೆದರು, ಅವಳು ಹೋದಳು. ಅಂಗಳದಲ್ಲಿದ್ದ ಹಿರಿಯರೊಬ್ಬರು ಹತ್ತಿರ ಬಂದು, ಸಮಾಧಾನ ಮಾಡುವವರಂತೆ ನನ್ನ ಬೆನ್ನು ಸವರಿದರು.