ಒಪ್ಪತ್ತಿನ ಗುಟ್ಟು

ನಾನು ಬಿದ್ದದ್ದು ಶಿಲುಬೆ ಹಾದಿಯ ಏಳನೆಯ ಸ್ಥಳದಲ್ಲಿ. ಪ್ರಭು ಯೇಸು ಶಿಲುಬೆ ಹೊತ್ತು ಎರಡನೆಯ ಸಲ ಬೀಳುವ ಸ್ಥಳವದು. ಆಮೇಲೆ ನಮ್ಮ ಚರ್ಚಿನ ಹೆಂಗಸರು ಇದನ್ನೇ ಹೇಳಿಕೊಂಡು ಒಂದು ವಾರ ನಕ್ಕರಂತೆ. ನಗಲಿ. ಬೇರೆ ಯಾರಾದರೂ ಬಿದ್ದಿದ್ದರೆ ನಾನು ಎರಡು ವಾರ ನಗುತ್ತಿದ್ದೆ.

ಈಸ್ಟರಿಗೆ ಮುಂಚಿನ ನಲವತ್ತು ದಿನ ನಮಗೆ ತಪಸ್ಸು ಕಾಲ. ಆ ದಿನಗಳ ಪ್ರತಿ ಶುಕ್ರವಾರ ಸಂಜೆ ಗುಂಡ್ಲುಪೇಟೆಯ ನಮ್ಮ ಚರ್ಚಿನಲ್ಲಿ ಶಿಲುಬೆ ಹಾದಿ ಇರುತ್ತದೆ. ಗೋಡೆಯ ಹದಿನಾಲ್ಕು ಚಿತ್ರಗಳ ಮುಂದೆ ಒಂದೊಂದಾಗಿ ಮಂಡಿಯೂರುವುದು, ಏಳುವುದು, ಪ್ರಾರ್ಥಿಸುವುದು. ಅಂದು ಮೂರನೆಯ ಶುಕ್ರವಾರ. ಪಕ್ಕದಲ್ಲಿ ಮೊಮ್ಮಗಳು ಜಸಿಂತ ಪುಸ್ತಕ ಹಿಡಿದು ನಿಂತಿದ್ದಳು. ಅವಳಿಗೆ ಒಂಬತ್ತು ವರ್ಷ. ಮನೆಯಲ್ಲಿ ಜಸಿ.

ಐದನೆಯ ಸ್ಥಳದಲ್ಲೇ ಬೆವರು ಶುರುವಾಯಿತು. ತಣ್ಣನೆಯ ಬೆವರು. ಆರನೆಯದರಲ್ಲಿ ಪುಸ್ತಕದ ಅಕ್ಷರಗಳು ಎರಡೆರಡಾಗಿ ಕಂಡವು. ನಾಲಿಗೆ ದಪ್ಪವಾಯಿತು. ಏಳನೆಯ ಸ್ಥಳದಲ್ಲಿ ಮಂಡಿಯೂರಿದೆ. ಏಳಲು ಆಗಲಿಲ್ಲ.

ಆಮೇಲಿನದ್ದು ನನಗೆ ಗೊತ್ತಿಲ್ಲ. ಬೇರೆಯವರು ಹೇಳಿದ್ದನ್ನೇ ಬರೆಯುತ್ತಿದ್ದೇನೆ. ಬೆಂಚಿನ ಅಂಚು ಹಣೆಗೆ ಬಡಿದು ರಕ್ತ ಬಂತು. ಬಾಯಿ ಒಂದು ಕಡೆ ಎಳೆದಂತೆ ಕಂಡಿತು. ಲಕ್ವ ಹೊಡೆದಿದೆ, ಮೈಸೂರಿಗೇ ಕರೆದುಕೊಂಡು ಹೋಗಿ ಎಂದು ಎಲ್ಲರೂ ಗದ್ದಲವೆಬ್ಬಿಸಿದರು. ಯಾರೋ ಕಾರು ತರಲು ಓಡಿದರು. ಆ ಗದ್ದಲದ ನಡುವೆ ಜಸಿ ಪುಸ್ತಕ ಎಸೆದು ಕೂಗಿದಳಂತೆ.

"ಅಜ್ಜಿ ಬೆಳಿಗ್ಗೆಯಿಂದ ಏನೂ ತಿಂದಿಲ್ಲ! ಸೂಜಿ ಮಾತ್ರ ಚುಚ್ಚುಸ್ಕೊಂಡದೆ! ನಾನು ಸುಳ್ಳು ಹೇಳ್ಬುಟ್ಟೆ!"

ಇಡೀ ಚರ್ಚು ಕೇಳಿತು.

ಆ ಮಾತಿನಿಂದಲೇ ಮೈಸೂರಿನ ದಾರಿ ಹಿಡಿಯುವ ಬದಲು ನಮ್ಮೂರಿನ ಆಸ್ಪತ್ರೆಗೇ ಹೊತ್ತುಕೊಂಡು ಹೋಗಿ ಮೊದಲು ಶುಗರ್ ನೋಡಿದರು. ಮೂವತ್ತೆಂಟಕ್ಕೆ ಇಳಿದಿತ್ತು. ತಕ್ಷಣ ಗ್ಲೂಕೋಸ್ ಹಾಕಿದರು. ತಲೆಗೆ ಏಟು ಬಿದ್ದಿದ್ದರಿಂದ ಸ್ಕ್ಯಾನ್ ಆಗಬೇಕೆಂದು ಆಂಬುಲೆನ್ಸಿನಲ್ಲಿ ಚಾಮರಾಜನಗರಕ್ಕೆ ಕಳಿಸಿದರು. ತೆರಕಣಾಂಬಿ ದಾಟುವಾಗ ನನಗೆ ಪ್ರಜ್ಞೆ ಬಂತು. ಮೊದಲು ಕಂಡದ್ದು ಮಗ ಅಂತೋಣಿಯ ಮುಖ. ಅವನು ಬಸ್ ಡ್ರೈವರ್. ದಿನವೂ ಇದೇ ರಸ್ತೆಯಲ್ಲಿ ಬಸ್ ಓಡಿಸುವವನು, ಅಂದು ಖಾಕಿ ಬಟ್ಟೆಯಲ್ಲೇ ನನ್ನ ಕಾಲು ಹಿಡಿದು ಕೂತಿದ್ದ.

"ಏನ್ ಮಾಡ್ಕಬುಟ್ಟೆ ಅವ್ವ ನೀನು?" ಎಂದ. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಏನು ಮಾಡಿಕೊಂಡಿದ್ದೆ ಎಂದು ಈಗ ಹೇಳುತ್ತೇನೆ.

ನನಗೆ ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷ. ಎರಡು ವರ್ಷದಿಂದ ಇನ್ಸುಲಿನ್. ಇನ್ಸುಲಿನ್ ಶುರುವಾದಾಗಲೇ ಅಂತೋಣಿ ಇನ್ನು ಉಪವಾಸ ಕೂಡದು ಎಂದಿದ್ದ. ಫಾದರ್ ಕೂಡ, ವಯಸ್ಸಾದವರಿಗೂ ಕಾಯಿಲೆಯವರಿಗೂ ಉಪವಾಸದ ಕಟ್ಟುಪಾಡಿಲ್ಲ ಎಂದು ಬಿಡಿಸಿ ಹೇಳಿದ್ದರು. ನಾನು ತಲೆಯಾಡಿಸಿದ್ದೆ. ತಲೆಯಾಡಿಸುವುದಕ್ಕೇನು ಕಷ್ಟ? ನಲವತ್ತು ವರ್ಷದಿಂದ ತಪಸ್ಸು ಕಾಲದ ಬುಧವಾರ, ಶುಕ್ರವಾರ ಒಪ್ಪತ್ತು ಮಾಡಿದವಳು ನಾನು. ದಿನಕ್ಕೆ ಒಂದೇ ಊಟ, ಅದೂ ಸಂಜೆಯ ಮೇಲೆ. ಮೇರಿಯಮ್ಮ ಒಪ್ಪತ್ತು ತಪ್ಪಿಸುವವಳಲ್ಲ ಎಂದು ಚರ್ಚಿನಲ್ಲಿ ಹೆಸರಿತ್ತು. ಆ ಹೆಸರಿನ ಮೇಲೆ ನನಗೆ ಬಹಳ ಆಸೆಯಿತ್ತು. ಇದನ್ನು ಒಪ್ಪಿಕೊಳ್ಳಲು ನಾನು ಬೀಳಬೇಕಾಯಿತು.

ಜಸಿ ಈ ಸಲ ಪ್ರಥಮ ಪರಮಪ್ರಸಾದಕ್ಕೆ ಸಿದ್ಧಳಾಗುತ್ತಿದ್ದಳು. ಪೂಜೆಯ ರೊಟ್ಟಿಯಲ್ಲಿ ಮೊದಲ ಸಲ ಪ್ರಭುವನ್ನು ಸ್ವೀಕರಿಸುವ ದಿನ. ಅದಕ್ಕಾಗಿ ಭಾನುವಾರ ಕ್ಲಾಸು. ಅಂತೋಣಿಗೆ ಡ್ಯೂಟಿ, ಸೊಸೆ ಪುಷ್ಪ ಖಾಸಗಿ ಶಾಲೆಯೊಂದರ ಟೀಚರ್. ಆದ್ದರಿಂದ ಪ್ರಾರ್ಥನೆ ಬಾಯಿಪಾಠ ಮಾಡಿಸುವುದು, ಜಪಸರ ಹಿಡಿಯುವುದನ್ನು ಕಲಿಸುವುದು, ಕಥೆ ಹೇಳುವುದು ಎಲ್ಲ ನನ್ನ ಪಾಲಿಗೆ ಬಂದಿತ್ತು. ಮೂವತ್ತು ವರ್ಷ ಅಂಗನವಾಡಿಯಲ್ಲಿ ಮಕ್ಕಳಿಗೆ ಹೊತ್ತು ಹೊತ್ತಿಗೆ ಉಣ್ಣಿಸಿದವಳು ನಾನು. ಮಕ್ಕಳು ಕೇಳಿ ಕಲಿಯುವುದಕ್ಕಿಂತ ನೋಡಿ ಕಲಿಯುತ್ತಾರೆಂದು ನನಗೆ ಗೊತ್ತು. ಉಪವಾಸ ಎಂದರೇನೆಂದು ಅವಳಿಗೆ ನಾನು ತೋರಿಸದೆ ಇನ್ಯಾರು ತೋರಿಸುತ್ತಾರೆ ಅಂದುಕೊಂಡೆ.

ಪುಷ್ಪ ಬೆಳಿಗ್ಗೆ ಇನ್ಸುಲಿನ್ ಕೊಟ್ಟು, ತಟ್ಟೆಗೆ ತಿಂಡಿ ಹಾಕಿ ಎಂಟಕ್ಕೆ ಹೊರಡುತ್ತಾಳೆ. ಜಸಿ ಹೊರಡುವುದು ಒಂಬತ್ತಕ್ಕೆ. ಒಪ್ಪತ್ತಿನ ದಿನ ನಡುವಿನ ಆ ಒಂದು ಗಂಟೆಯಲ್ಲಿ ನನ್ನ ತಿಂಡಿ ಪಕ್ಕದ ಮನೆಯ ನಾಯಿಗೆ ಹೋಗುತ್ತಿತ್ತು. ತೆಗೆದುಕೊಂಡು ಹೋಗುತ್ತಿದ್ದವಳು ಜಸಿ. ಉಪವಾಸವನ್ನು ಗುಟ್ಟಾಗಿ ಮಾಡಬೇಕು, ತಲೆಗೆ ಎಣ್ಣೆ ಹಚ್ಚಿ, ಮುಖ ತೊಳೆದು, ಹಸಿದವರಂತೆ ಕಾಣದೆ ಇರಬೇಕು ಎಂದು ಶುಭಸಂದೇಶದಲ್ಲಿ ಯೇಸುವಿನ ಮಾತಿದೆ. ಅದನ್ನೇ ಅವಳಿಗೆ ಹೇಳಿಕೊಟ್ಟೆ. ಇಬ್ಬರೂ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೆವು. ಸಂಜೆ ಪುಷ್ಪ "ಅಜ್ಜಿ ತಿಂಡಿ ತಿಂದ್ರಾ?" ಎಂದರೆ ಜಸಿ ನನ್ನನ್ನು ನೋಡದೆ "ತಿಂತು ಕಣಮ್ಮ" ಎನ್ನುತ್ತಿದ್ದಳು. ನನಗೆ ಒಳಗೊಳಗೇ ಖುಷಿ. ಮಗು ಎಷ್ಟು ಚೆನ್ನಾಗಿ ಕಲಿಯುತ್ತಿದೆ!

ಗುಟ್ಟು ಹೊರಗೆ ಬಿದ್ದರೆ ದೇವರು ಆ ಉಪವಾಸವನ್ನು ಒಪ್ಪುವುದಿಲ್ಲ ಎಂದೂ ಹೇಳಿದ್ದೆ. ಇದು ಯಾವ ಪುಸ್ತಕದಲ್ಲೂ ಇಲ್ಲ. ನಾನೇ ಸೇರಿಸಿದ್ದು.

ಹಿಂದಿನ ವಾರಗಳಲ್ಲೂ ಕೈ ನಡುಗಿತ್ತು. ಆಗೆಲ್ಲ ನಾಲ್ಕು ಗಂಟೆಗೆ ಸಕ್ಕರೆ ಹಾಕಿದ ಕಾಫಿ ಕುಡಿದು ಸುಧಾರಿಸಿಕೊಂಡಿದ್ದೆ. ಆ ಶುಕ್ರವಾರ ಕಾಫಿಯನ್ನೂ ಬಿಟ್ಟೆ. ಇನ್ಸುಲಿನ್ ಮಾತ್ರ ಬಿಡಲಿಲ್ಲ. ಔಷಧಿ ತಪ್ಪಿಸಬಾರದಲ್ಲ!

ಚಾಮರಾಜನಗರದ ಡಾಕ್ಟರಮ್ಮನಿಗೆ ನನ್ನ ಸೊಸೆಯ ವಯಸ್ಸೂ ಇರಲಿಲ್ಲ. ಹಣೆಗೆ ಆರು ಹೊಲಿಗೆ ಹಾಕಿದರು. ಸ್ಕ್ಯಾನಿನಲ್ಲಿ ಏನೂ ಇಲ್ಲ ಎಂದರು. ರಿಪೋರ್ಟು ನೋಡಿ, ಕ್ರಿಯಾಟಿನಿನ್ ಸ್ವಲ್ಪ ಜಾಸ್ತಿಯಿದೆ, ಕಿಡ್ನಿ ಮೇಲೆ ಕಣ್ಣಿಟ್ಟಿರಬೇಕು ಎಂದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು.

"ಅಜ್ಜಿ, ಇನ್ನೊಂದು ಗಂಟೆ ತಡ ಆಗಿದ್ರೆ ನೀವು ನನ್ನ ಜೊತೆ ಮಾತಾಡ್ತಿರ್ಲಿಲ್ಲ. ಯಾರು ಕಂಡುಹಿಡಿದದ್ದು ಊಟ ಮಾಡಿಲ್ಲ ಅಂತ?"

"ಮೊಮ್ಮಗಳು" ಎಂದೆ.

"ಅವಳಿಗೆ ಥ್ಯಾಂಕ್ಸ್ ಹೇಳಿ."

ನಾಲ್ಕು ದಿನ ವಾರ್ಡಿನಲ್ಲಿದ್ದೆ. ಬೆರಳ ತುದಿಗಳೆಲ್ಲ ಚುಚ್ಚಿ ಚುಚ್ಚಿ ಕಪ್ಪಾದವು. ರಾತ್ರಿ ಹಗಲು ಪುಷ್ಪಳೇ ನೋಡಿಕೊಂಡಳು. ನಾನು ಉಣ್ಣುವಾಗ ತಟ್ಟೆಯ ಕಡೆಯೇ ನೋಡುತ್ತಿದ್ದಳು. ಮೂರನೆಯ ದಿನ ಅಂತೋಣಿ ಜಸಿಯನ್ನು ಕರೆತಂದ. ಮಂಚದ ಕಾಲ ಬಳಿ ನಿಂತವಳು ಹತ್ತಿರ ಬರಲಿಲ್ಲ.

"ಬಾ ಅಮ್ಮಿ, ಅಜ್ಜಿಗೋಸ್ಕರ ಒಂದು ಪ್ರಾರ್ಥನೆ ಹೇಳು" ಎಂದೆ.

"ನಾನ್ ಹೇಳಲ್ಲ."

ಪಕ್ಕದ ಮಂಚದವರು ಮುಖ ತಿರುಗಿಸಿಕೊಂಡರು.

ಮನೆಗೆ ಬಂದ ಮೇಲೂ ಹಾಗೆಯೇ. ಸಂಜೆಯ ಪ್ರಾರ್ಥನೆಗೆ ಬಂದು ಕೂರುತ್ತಾಳೆ, ತುಟಿ ಬಿಚ್ಚುವುದಿಲ್ಲ. ಭಾನುವಾರ ಹೊಟ್ಟೆನೋವು ಎಂದು ಕ್ಲಾಸಿಗೆ ಹೋಗಲಿಲ್ಲ. ಮುಂದಿನ ಭಾನುವಾರವೂ ಹೊಟ್ಟೆನೋವು. "ಬಲವಂತ ಮಾಡ್ಬ್ಯಾಡ ಬುಡವ್ವ" ಎಂದ ಅಂತೋಣಿ. ಹಣೆಯ ಹೊಲಿಗೆ ಒಣಗುತ್ತಿತ್ತು, ಶುಗರ್ ಹತೋಟಿಗೆ ಬರುತ್ತಿತ್ತು, ಕಾಲಿಗೆ ಬಲ ಬಂದಿತ್ತು. ಆದರೆ ನನ್ನ ನಂಬಿಕೆಯನ್ನು ಆ ಮಗುವಿನ ಕೈಗೆ ಇಡಲು ಹೋಗಿ, ಅವಳಲ್ಲಿ ಇದ್ದದ್ದನ್ನೂ ನಾನೇ ಒಡೆದುಹಾಕಿದೆನಲ್ಲ ಎಂಬ ಸಂಕಟಕ್ಕೆ ಯಾವ ಮಾತ್ರೆಯೂ ಇರಲಿಲ್ಲ. ಎಷ್ಟೋ ಸಲ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಆ ದಿನಗಳಲ್ಲಿ ನನ್ನ ಅಜ್ಜಿ ನೆನಪಾಗುತ್ತಿದ್ದರು. ಸಂತೆಮರಹಳ್ಳಿಯ ಕೂಲಿ ಹೆಂಗಸು, ಓದು ಬಾರದವರು. ಅವರೂ ಒಪ್ಪತ್ತು ಮಾಡುತ್ತಿದ್ದರು. ತಾವು ಉಣ್ಣದೆ ಉಳಿಸಿದ ಹಿಟ್ಟಿನಲ್ಲಿ ಒಂದು ಮುದ್ದೆ ಕಟ್ಟಿ, ಹಾಸಿಗೆ ಹಿಡಿದಿದ್ದ ನೆರೆಮನೆಯ ಮುದುಕಿಗೆ ನನ್ನ ಕೈಯಲ್ಲಿ ಕಳಿಸುತ್ತಿದ್ದರು. ನನಗೆ ಉಪವಾಸ ಎಂದರೆ ಬಿಸಿ ಮುದ್ದೆ ಹೊತ್ತುಕೊಂಡು ಓಡುವುದು ಎಂದೇ ಗೊತ್ತಿತ್ತು. ಯಾವಾಗ ಅದನ್ನು ಮರೆತು ಹಸಿವನ್ನು ಮಾತ್ರ ಇಟ್ಟುಕೊಂಡೆನೋ ತಿಳಿಯದು.

ಈಸ್ಟರಿನ ಹಿಂದಿನ ವಾರ ಬರುವ ಗರಿಗಳ ಭಾನುವಾರಕ್ಕೆ ಎರಡು ದಿನ ಮುಂಚೆ ಪಾಪನಿವೇದನೆಗೆ ಹೋದೆ. ಎಲ್ಲವನ್ನೂ ಹೇಳಿದೆ. ಫಾದರ್ "ಆ ಮಗುವಿನ ಹತ್ತಿರ ಕ್ಷಮೆ ಕೇಳಿ. ಮತ್ತೆ, ಹೊತ್ತಿಗೆ ಸರಿಯಾಗಿ ಊಟ ಮಾಡಿ. ಇದೇ ನಿಮ್ಮ ಪ್ರಾಯಶ್ಚಿತ್ತ" ಎಂದರು.

"ಅದರ ಬದಲು ಐದು ಜಪಸರ ಹೇಳ್ತೀನಿ ಫಾದರ್" ಎಂದೆ.

"ಬೇಡ" ಎಂದರು.

ಒಂಬತ್ತು ವರ್ಷದ ಹುಡುಗಿಯ ಹತ್ತಿರ ಕ್ಷಮೆ ಕೇಳುವುದು ಸುಲಭವೆಂದು ತಿಳಿದವರು ಒಮ್ಮೆ ಕೇಳಿ ನೋಡಬೇಕು. ಎರಡು ದಿನ ಮುಂದೂಡಿದೆ. ಸೋಮವಾರ ಸಂಜೆ ಜಗಲಿಯ ಮೇಲೆ ಹುಣಸೆಹಣ್ಣು ಹರವಿಕೊಂಡು ಬೀಜ ಬಿಡಿಸುತ್ತಿದ್ದೆ. ಜಸಿ ಎದುರಿಗೆ ಬಂದು ಕೂತು ತಾನೂ ಬಿಡಿಸತೊಡಗಿದಳು. ಇಬ್ಬರ ಕೈಯೂ ಅಂಟು. ತಲೆ ಎತ್ತದೆ ಹೇಳಿದೆ.

"ಅಮ್ಮಿ, ನಿನ್ನ ಕೈಲಿ ಸುಳ್ಳು ಹೇಳಿಸ್ಬುಟ್ಟೆ. ದೇವರ ಹೆಸ್ರು ಹೇಳಿ ಹೇಳಿಸ್ಬುಟ್ಟೆ. ನಂದು ತಪ್ಪಾಯ್ತು ಕಣಮ್ಮಿ."

ಅವಳ ಕೈ ನಿಂತಿತು.

"ಗುಟ್ಟು ಹೇಳ್ಬುಟ್ಟಿದ್ದು ನಾನಲ್ವಾ? ಚರ್ಚಲ್ಲೇ ಕೂಗ್ಬುಟ್ಟೆ. ದೇವ್ರಿಗೆ ನನ್ ಮೇಲೆ ಕ್ವಾಪ ಬಂದಿಲ್ವಾ?"

ನಾನು ತಲೆ ಎತ್ತಿದೆ.

"ನಾನು ಪ್ರಾರ್ಥನೆ ಹೇಳಿದ್ರೆ ದೇವ್ರು ನನ್ ಕಡೆ ತಿರುಗಿ ನೋಡ್ತಾನೆ. ನೆಪ್ಪಾಯ್ತದೆ ಅವ್ನಿಗೆ. ತಿರ್ಗಾ ನಿನ್ನ ಬೀಳಿಸ್ಬುಟ್ರೆ? ಅದ್ಕೇ ಸುಮ್ಕೆ ಇದ್ದೆ."

ಇಷ್ಟು ದಿನ ಅವಳಿಗೆ ದೇವರ ಮೇಲೆ ಸಿಟ್ಟೆಂದು ತಿಳಿದಿದ್ದೆ. ಅವಳು ನನ್ನನ್ನು ಉಳಿಸಿಕೊಳ್ಳಲು ದೇವರ ಕಣ್ಣಿಗೆ ಬೀಳದ ಹಾಗೆ ಅಡಗಿ ಕೂತಿದ್ದಳು. ಹುಣಸೆಯ ಕೈಯಲ್ಲೇ ಅವಳನ್ನು ಎಳೆದು ಅಪ್ಪಿಕೊಂಡೆ. ಹನ್ನೆರಡು ವರ್ಷದ ಕಾಯಿಲೆ, ಆರು ಹೊಲಿಗೆ, ಯಾವುದೂ ನನಗೆ ಅಷ್ಟು ನೋವು ಕೊಟ್ಟಿರಲಿಲ್ಲ.

"ಆ ಗುಟ್ಟಿನ ಮಾತು ದೇವರದಲ್ಲ ಕಣಮ್ಮಿ, ನಂದು. ನಾನು ಕಟ್ಟಿದ್ದು" ಎಂದೆ. "ನೀನು ಕೂಗಿದ್ದಕ್ಕೇ ನಾನು ಉಳ್ಕೊಂಡಿದ್ದು. ಡಾಕ್ಟರಮ್ಮ ನಿಂಗೆ ಥ್ಯಾಂಕ್ಸ್ ಹೇಳು ಅಂದ್ರು. ದೇವರೂ ಅದನ್ನೇ ಹೇಳ್ತಾನೆ."

"ಡಾಕ್ಟರಮ್ಮ ಅಂದ್ರಾ?"

"ಊಂ."

ಮತ್ತೆ ಒಂದು ಹುಣಸೆಹಣ್ಣು ಕೈಗೆತ್ತಿಕೊಂಡಳು. "ಅಂಗಾರೆ ಇನ್ಮೇಲೆ ನೀನು ಉಣ್ಣೋದ್ನ ನಾನು ನೋಡ್ಬೇಕು" ಎಂದಳು.

ಶುಭ ಶುಕ್ರವಾರ ಬಂತು. ವರ್ಷದಲ್ಲೇ ದೊಡ್ಡ ಉಪವಾಸದ ದಿನ. ಮಧ್ಯಾಹ್ನ ಮೂರಕ್ಕೆ ಆರಾಧನೆ, ಅದು ಮುಗಿದ ಮೇಲೆ ಎಲ್ಲರಿಗೂ ಗಂಜಿ. ಗಂಜಿ ಬೇಯಿಸುವವರ ಮೇಲ್ವಿಚಾರಣೆಗೆ ಪ್ರತಿ ವರ್ಷದಂತೆ ಹನ್ನೊಂದಕ್ಕೇ ಚರ್ಚಿಗೆ ಹೋಗಿದ್ದೆ. ಜಸಿಯೂ ಬಂದಿದ್ದಳು. ಮಧ್ಯಾಹ್ನ ಒಂದು ಗಂಟೆಯಾಯಿತು, ನನ್ನ ಊಟದ ಹೊತ್ತು. ಅವಳು ಬ್ಯಾಗಿನಿಂದ ಡಬ್ಬಿ ತೆಗೆದಳು.

ಒಳಗೆ ಹೋಗಿ ಉಣ್ಣೋಣ ಎಂದೆ. "ಬ್ಯಾಡ, ಇಲ್ಲೇ ಉಣ್ಣು. ಗುಟ್ಟು ಗಿಟ್ಟು ಇನ್ನ ಬ್ಯಾಡ" ಎಂದಳು.

ಬೇವಿನ ಮರದ ಕೆಳಗಿನ ಕಲ್ಲುಬೆಂಚು. ಒಲೆಯ ಸುತ್ತ ಹತ್ತು ಹನ್ನೆರಡು ಹೆಂಗಸರು, ಎಲ್ಲರೂ ಬೆಳಗಿನಿಂದ ನೀರು ಮಾತ್ರ ಕುಡಿದವರು. ಪುಷ್ಪ ಕಟ್ಟಿಕೊಟ್ಟ ಚಪಾತಿ, ಬೀನ್ಸ್ ಪಲ್ಯದ ವಾಸನೆ ಅವರವರೆಗೂ ಹೋಯಿತು. ಫಿಲೋಮಿನಮ್ಮ ಸೌಟು ಹಿಡಿದುಕೊಂಡೇ ತಿರುಗಿದಳು.

"ಏನ್ ಮೇರಿಯಮ್ಮ, ಇವತ್ತೂ ಉಣ್ತಿದ್ದೀಯ?"

ಮುಖ ಬಿಸಿಯಾಯಿತು. ನಲವತ್ತು ವರ್ಷದ ಹೆಸರು ಆ ಡಬ್ಬಿಯ ಮುಂದೆ ಹೋಗುತ್ತಿತ್ತು. ಹಸಿವು ತಡೆಯುವುದು ನನಗೆ ಯಾವತ್ತೂ ಈ ಊಟದಷ್ಟು ಕಷ್ಟವಾಗಿರಲಿಲ್ಲ.

"ಊಂ ಕಣಮ್ಮ, ಉಣ್ಬೇಕು" ಎಂದೆ. "ಸಕ್ಕರೆ ಕಾಯ್ಲೆ ನಂಗೆ."

ಫಿಲೋಮಿನಮ್ಮ ಒಲೆಯ ಕಡೆ ತಿರುಗಿ ಗಂಜಿ ಕದಡಿದಳು. ಮುಂದಿನ ಕ್ಲಾಸಿಗೆ ಹೋಗುತ್ತೀಯಾ ಎಂದು ಜಸಿಯನ್ನು ನಾನು ಕೇಳಿರಲಿಲ್ಲ. ಕೇಳಬಾರದೆಂದು ತೀರ್ಮಾನಿಸಿದ್ದೆ. ಚಪಾತಿ ಮುರಿಯಲು ಹೋದೆ. ಅವಳು ನನ್ನ ಕೈ ತಡೆದು, ತಾನೇ ಕಣ್ಣು ಮುಚ್ಚಿ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

"ಯೇಸಪ್ಪ, ನಮ್ಮಜ್ಜಿ ಉಣ್ತದೆ. ಎಲ್ಲಾರ ಮುಂದೆ ಉಣ್ಣಕೆ ಅದಕ್ಕೆ ನಾಚ್ಕೆ ಆಯ್ತದೆ. ನೀನು ಜೊತೇಲಿ ಕೂತ್ಕೊ."

ಬೆಂಚಿನ ಮೇಲೆ ಒಂದಿಷ್ಟು ಜಾಗ ಬಿಟ್ಟು ಆಚೆ ಸರಿದಳು.