ನಮ್ಮ ಯಜಮಾನರ ಕಸೂತಿ

ನಿವೃತ್ತರಾದ ಮೇಲೆ ನಮ್ಮ ಯಜಮಾನರ ಬಲಗೈ ಬೆರಳುಗಳು ಬಿಗಿಯತೊಡಗಿದವು. ಬೆರಳಿಗೆ ಕೆಲಸ ಕೊಡಿ ಎಂದರು ಡಾಕ್ಟರು. ಪಾತ್ರೆ ತೊಳೆಯಬಹುದಿತ್ತು, ಸೊಪ್ಪು ಬಿಡಿಸಬಹುದಿತ್ತು. ಅವರು ಬಟ್ಟೆ ಬಿಗಿದಿದ್ದ ನನ್ನ ಕಸೂತಿಯ ರಿಂಗನ್ನೇ ಕೈಗೆತ್ತಿಕೊಂಡರು.

ಕಲಿಸಿದೆ. ಮೊದಲು ರನ್ನಿಂಗ್ ಸ್ಟಿಚ್, ಆಮೇಲೆ ಚೈನ್ ಸ್ಟಿಚ್. ಸೂಜಿ ಹೊರಬಂದ ಕಡೆಯೇ ಮತ್ತೆ ಚುಚ್ಚಿ, ದಾರವನ್ನು ಮೊನೆಯ ಕೆಳಗೆ ಸುತ್ತಿ ಎಳೆದರೆ ಒಂದು ಕುಣಿಕೆ, ಅದರೊಳಗಿಂದ ಇನ್ನೊಂದು. ಕೊನೆಯ ಕುಣಿಕೆಯ ತಲೆಯ ಮೇಲೆ ಮಾತ್ರ ಒಂದು ಪುಟ್ಟ ಹೊಲಿಗೆ ಹಾಕಿ ಭದ್ರ ಮಾಡಬೇಕು. ಇಲ್ಲದಿದ್ದರೆ ಹಿಂದಿನಿಂದ ದಾರ ಎಳೆದವರ ಕೈಗೆ ಇಡೀ ಸರಪಳಿ ಸರ್ರನೆ ಬಿಚ್ಚಿಕೊಂಡು ಬರುತ್ತದೆ. ಆ ಕೊನೆಯ ಹೊಲಿಗೆ ಎಂದರೆ ಇವರಿಗೆ ಬೇಜಾರು. "ಅದೆಲ್ಲಾ ಸಣ್ಣ ಕೆಲಸ, ನೀನೇ ಮುಗಿಸ್ಬುಡೇ" ಎಂದು ರಿಂಗನ್ನು ನನ್ನ ಮಡಿಲಿಗೆ ಹಾಕಿ ಕಾಫಿಗೆ ಕಾಯುತ್ತಿದ್ದರು. ಕಾಫಿಯೂ ನನ್ನದೇ.

ಹೀಗೆ ತಯಾರಾದ ದಿಂಬಿನ ಕವರು ಸೋಫಾ ಏರಿತು. ದಟ್ಟಗಳ್ಳಿಯ ನಮ್ಮ ರಸ್ತೆಯ ಹೆಂಗಸರೆಲ್ಲ ಮುಗಿಬಿದ್ದು ನೋಡಿದರು. "ಗಂಡಸಾಗಿ ಏನ್ ಅಚ್ಚುಕಟ್ಟು ಕಣ್ರೀ! ನೀವು ಪುಣ್ಯ ಮಾಡಿದ್ರಿ ಬುಡಿ" ಎಂದರು ನನಗೆ. ಅವರು ಕೂತಿದ್ದ ಸೋಫಾದ ಹೊದಿಕೆ, ಕಾಫಿ ತಟ್ಟೆಯ ಮೇಲಿನ ಬಟ್ಟೆ, ಬಾಗಿಲ ತೋರಣ, ಎಲ್ಲವೂ ಮದುವೆಯಾದಾಗಿನಿಂದ ನಾನು ಹಾಕುತ್ತ ಬಂದದ್ದು. ಅತ್ತ ಯಾರೂ ಕಣ್ಣು ಹಾಯಿಸಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಹೊಗಳಿಕೆ ಹಾಳಾಗಲಿ, ಇದರಲ್ಲಿ ಇವಳ ಕೈಯೂ ಇದೆ ಅಂತ ಇವರ ಬಾಯಿಂದ ಒಂದು ಮಾತು ಬಂದಿದ್ದರೆ ಸಾಕಿತ್ತು.

ಬರಲಿಲ್ಲ. ಬಂದದ್ದು ಕೊಂಬು. ಜಯಲಕ್ಷ್ಮಿಪುರಂ ಕಡೆಯ ಹೆಂಗಸರ ಸಂಘವೊಂದು ಕಸೂತಿ ಹೇಳಿಕೊಡಲು ಇವರನ್ನು ಕರೆಯಿತು. ಗರಿಗರಿ ಜುಬ್ಬಾ ತೊಟ್ಟು ಇವರು ಮುಂದೆ, ದಾರದ ಡಬ್ಬಿ ಹೊತ್ತು ನಾನು ಹಿಂದೆ.

ಮೊದಲು ವೇದಿಕೆಯ ಮೈಕಿನಲ್ಲಿ ಕಸೂತಿ ಬಟ್ಟೆಯ ಆರೈಕೆಯ ಬಗ್ಗೆ ಭಾಷಣ. "ಒದ್ದೆ ಬಿಳಿ ಬಟ್ಟೆ ಒತ್ತಿ, ದಾರ ಬಣ್ಣ ಬಿಡುತ್ತಾ ನೋಡ್ಬೇಕು. ಅಂಟುವಾಳದ ನೀರಲ್ಲಿ ಅದ್ದಿ ತೆಗೀಬೇಕು, ಹಿಂಡಬಾರದು, ನೆರಳಲ್ಲಿ ಹರವಬೇಕು. ದಪ್ಪ ಟವೆಲ್ ಮೇಲೆ ಮಗುಚಿ ಹಾಕಿ ಹಿಂದುಗಡೆಯಿಂದ ಇಸ್ತ್ರಿ ಮಾಡ್ಬೇಕು." ಎಲ್ಲ ನನ್ನ ಮಾತೇ, ಒಂದಕ್ಷರ ಬಿಟ್ಟಿರಲಿಲ್ಲ. ಸ್ವಂತ ಬನಿಯನ್ನನ್ನು ಒಮ್ಮೆಯೂ ಒಗೆದು ಗೊತ್ತಿಲ್ಲದ ಮನುಷ್ಯ 'ಹಿಂಡಬಾರದು' ಎಂದು ಬೆರಳೆತ್ತಿ ಎಚ್ಚರಿಸುತ್ತಿದ್ದರು. ಮುಂದಿನ ಸಾಲಿನಲ್ಲಿ ಕೂತಿದ್ದ ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.

ಆಮೇಲೆ ಕೆಂಪು ದಾರದಲ್ಲಿ ಚೈನ್ ಸ್ಟಿಚ್ಚಿನ ಬಳ್ಳಿಯೊಂದನ್ನು ಹಾಕಿ, ಸೂಜಿ ಕಳಚಿ, ಅಭ್ಯಾಸಬಲದಿಂದ ರಿಂಗನ್ನು ನನ್ನತ್ತ ಚಾಚಿದರು. ನಾನು ಕೈ ಚಾಚಲಿಲ್ಲ, ಜೋರಾಗಿ ಚಪ್ಪಾಳೆ ತಟ್ಟಿದೆ. ಉಳಿದವರೂ ತಟ್ಟಿದರು. ಸಂಘದ ಕಾರ್ಯದರ್ಶಿ ಎದ್ದು ಬಂದು ರಿಂಗು ತೆಗೆದುಕೊಂಡರು. ಕಸೂತಿ ಬಲ್ಲ ಯಾವ ಹೆಂಗಸೂ ಹಿಂಬದಿ ನೋಡದೆ ಬಿಡುವುದಿಲ್ಲ. ಮಗುಚಿ ನೋಡಿ, ಅಲ್ಲಿ ಸಡಿಲವಿದ್ದ ದಾರವನ್ನು ಮೆಲ್ಲಗೆ ಎಳೆದರು. ಬಳ್ಳಿ ತುದಿಯಿಂದ ಬುಡದವರೆಗೆ ಬಿಚ್ಚಿಕೊಂಡು ಅವರ ಕೈಗೆ ಬಂತು.

ಇವರ ಮುಖ ಆ ದಾರದಷ್ಟೇ ಕೆಂಪಾಯಿತು. ಮೈಕಿನಲ್ಲೇ ನನ್ನ ಮೇಲೆ ಹರಿಹಾಯ್ದರು: "ಏನೇ ಇದು? ಯಾವಾಗ್ಲೂ ನೀನೇ ತಾನೆ ಮುಗಿಸಿಕೊಡೋದು? ಇವತ್ತೇನ್ ಬಂತು ನಿಂಗೆ?"

ಮೈಕು ಚೆನ್ನಾಗಿ ಕೆಲಸ ಮಾಡುತ್ತಿತ್ತು. ಸಭೆಯ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ಕಾರ್ಯದರ್ಶಿ ಬರಿದಾದ ರಿಂಗನ್ನು ತಂದು ನನ್ನ ಕೈಗಿಟ್ಟು, "ಮೇಲೆ ಬನ್ನಿ ಅಮ್ಮ" ಎಂದರು.

ಹೋದೆ. "ರೀ, ಈ ಡಬ್ಬಿ ಹಿಡ್ಕೊಳ್ಳಿ" ಎಂದೆ. ಹಿಡಿದುಕೊಂಡರು.